ಒಂದೇ ಬಣ್ಣದ ಎರಡು ಗಂಟು

ವಲಿ ಪಾಷಾ ಕಾಕಾನ ಸೈಕಲ್ಲು ಎಡಕ್ಕೆ ಹೊರಳಿದ್ದನ್ನು ನಾನು ನೋಡಿಲ್ಲ. ದೇವದುರ್ಗದ ಬಸ್‌ಸ್ಟ್ಯಾಂಡಿನ ಹಿಂದಿನ ನಮ್ಮ ಓಣಿ ದಾಟಿ ಬಲಕ್ಕೆ, ಯರಿದೊಡ್ಡಿ ಮುಗಿದು ಕೃಷ್ಣೆ ಕಾಣಿಸಿಕೊಂಡಲ್ಲಿ ಮತ್ತೆ ಬಲಕ್ಕೆ, ಬೇವಿನಕ್ರಾಸಿನಲ್ಲಿ ಅರಕೇರಾ ರಸ್ತೆ ಸಿಕ್ಕಾಗ ಇನ್ನೊಮ್ಮೆ ಬಲಕ್ಕೆ. ಅಷ್ಟಾದರೆ ಸುತ್ತು ಮುಗಿದು ಮನೆ ಬರುತ್ತದೆ. ಇಪ್ಪತ್ತಾರು ಕಿಲೋಮೀಟರಿನ ಈ ಸುತ್ತಿನಲ್ಲಿ ಏರು ಎನ್ನುವುದು ಒಂದೇ ಕಡೆ ಇದೆ, ಕಾಲುವೆಯ ಸೇತುವೆ ಹತ್ತುವಾಗ. ಹತ್ತು ಪೆಡಲು ಜೋರಾಗಿ ತುಳಿದರೆ ಅದೂ ಮುಗಿಯಿತು. ಆಮೇಲೆ ಹೊಳೆ ಎಡಕ್ಕೆ, ಗದ್ದೆ ಬಲಕ್ಕೆ. ನೀರು ಹೋಗುವ ದಿಕ್ಕಿಗೇ ನಾವೂ ಹೋಗುತ್ತೇವೆ, ನೀರಿನಷ್ಟೇ ಸಾವಕಾಶವಾಗಿ.

ಕಾಕಾ ಗಾದಿ ಮಾಡುವವರು. ಹುಟ್ಟಿದ್ದು ರಾಯಚೂರಿನಲ್ಲಿ. ತೀನ್ ಕಂದೀಲಿನ ಹತ್ತಿರ ಅವರ ಸೋದರಮಾವ ಸತ್ತಾರ್ ಸಾಬ್ ಅರಳೆ ಹಿಂಜುತ್ತಿದ್ದರು. ಅವರ ಕೈಕೆಳಗೆ ಕೆಲಸ ಕಲಿತು, ಮದುವೆಯಾಗಿ, ದೇವದುರ್ಗಕ್ಕೆ ಬಂದು ಮೂವತ್ತೊಂದು ವರ್ಷವಾಯಿತು. ಮೊದಮೊದಲು ಅರಳೆ ಹಿಂಜುವ ಆಳುದ್ದದ ಬಿಲ್ಲನ್ನು ಹೆಗಲಿಗೆ ಹಾಕಿಕೊಂಡು ಊರೂರಿಗೆ ಹೋಗುತ್ತಿದ್ದರಂತೆ. ಯಾರದೋ ಅಂಗಳದಲ್ಲಿ ಕೂತು ಬಿಲ್ಲಿನ ನರ ಮೀಟಿದರೆ ಆ ಸದ್ದು ಮೂರು ಓಣಿಗೆ ಕೇಳುತ್ತಿತ್ತಂತೆ, ಅಂಗಳದ ತುಂಬ ಅರಳೆ ಎದ್ದು ಹಾರಿ ಬೇವಿನ ಗಿಡಕ್ಕೂ ಎಮ್ಮೆಯ ಕೋಡಿಗೂ ಹತ್ತಿಕೊಳ್ಳುತ್ತಿತ್ತಂತೆ. ಈಗ ಹಿಂಜುವ ಕೆಲಸಕ್ಕೆ ಮನೆಯ ಹಿತ್ತಲಿನಲ್ಲಿ ಒಂದು ಮಷೀನು ಇದೆ. ಅದನ್ನು ನಡೆಸುವವರು ಅವರ ಹೆಂಡತಿ ಶಹಜಾದಿ ಬೇಗಂ. ಹೀಗಾಗಿ ಗಾದಿಯ ಗಲೀಫು ಗಾದಿಯವರ ಮನೆಯಲ್ಲೇ ಒಗೆಯಲು ಉಳಿಯುತ್ತದೆ. ಒಳಗಿನ ಅರಳೆ ಮಾತ್ರ ಗಂಟಾಗಿ ಕಾಕಾನ ಸೈಕಲ್ಲಿನ ಮೇಲೆ ಊರಿಗೆ ಬರುತ್ತದೆ. ಒಂದು ಭಾನುವಾರ ಗಂಟು ತರುತ್ತಾರೆ, ಮುಂದಿನ ಭಾನುವಾರ ಹಿಂಜಿದ ಅರಳೆಯನ್ನು ಒಯ್ದು ಅವರವರ ಅಂಗಳದಲ್ಲೇ ತುಂಬಿ, ದಬ್ಬಣದಿಂದ ಹೊಲಿದು, ಮುಂದಿನ ಊರಿಗೆ ಹೋಗುತ್ತಾರೆ.

ಹೊರಡುವುದು ಬೆಳಗಿನ ಆರಕ್ಕೆ. ಅದಕ್ಕೆ ಕಾರಣ ಗಾಳಿ. ಅರಳೆಗೆ ತೂಕ ಕಡಿಮೆ, ಆದರೆ ಹೊತ್ತೇರಿ ಗಾಳಿ ಎದ್ದಿತೆಂದರೆ ಕ್ಯಾರಿಯರ್ ಮೇಲಿನ ಎರಡು ಗಂಟು ಸೈಕಲ್ಲನ್ನು ಪಕ್ಕದ ಹೊಲಕ್ಕೆ ಎಳೆದುಕೊಂಡು ಹೋಗುತ್ತವೆ. ಒಮ್ಮೆ ಕಾಲುವೆಯ ಏರಿಯ ಮೇಲೆ ಹಾಗೇ ಆಗಿ ಕಾಕಾ ಮೆಣಸಿನಕಾಯಿ ರಾಶಿಯ ಮೇಲೆ ಬಿದ್ದರಂತೆ. ಮೂರು ದಿನ ಕಣ್ಣು ಉರಿದವಂತೆ. ಅದನ್ನು ಹೇಳುವಾಗ ಅವರಿಗೇ ನಗು.

ನಾನು ಅವರ ಜೊತೆ ಹೋಗಲು ಶುರು ಮಾಡಿದ್ದು ಕಳೆದ ದಸರೆಯಿಂದ. ಎಂಟನೇ ಇಯತ್ತೆಯಲ್ಲಿ ಶಾಲೆಯಿಂದ ಕೊಟ್ಟ ಸೈಕಲ್ಲು ನನ್ನದು. ಡಿಗ್ರಿಗೆ ಬಂದ ಮೇಲೆ ಅದು ಗೋಡೆಗೆ ಒರಗಿಯೇ ಇತ್ತು. ಒಂದು ಭಾನುವಾರ ಗಾಳಿ ತುಂಬಿಸಿಕೊಂಡು ಅವರ ಹಿಂದೆ ಹೋದೆ. ಯಾಕೆ ಬಂದೆ ಎಂದು ಅವರು ಕೇಳಲಿಲ್ಲ. ಹಿಂದಿನ ಚಕ್ರದ ಮೇಲೆ ಕಣ್ಣಿಡು, ಗಂಟು ಜಾರಿದರೆ ಹೇಳು, ಅಂದರು ಅಷ್ಟೇ.

ಕಾಕಾ ಗಂಟಿನ ಮೇಲೆ ಹೆಸರು ಬರೆಯುವುದಿಲ್ಲ. ಹೆಂಗಸರು ಅರಳೆಯನ್ನು ತಮ್ಮ ಹಳೆಯ ಸೀರೆಯಲ್ಲಿ ಕಟ್ಟಿಕೊಡುತ್ತಾರೆ, ಆ ಸೀರೆಯೇ ವಿಳಾಸ. ಹಳದಿ ಚೌಕುಳಿಯದು ಹೊಳೆದಂಡೆಯ ಊರು ಹೊಳೆಗುಂಟಿಯ ಕೊನೆಯ ಮನೆ, ಅಂಚು ಹರಿದ ನೀಲಿಯದು ಗಿರಣಿಯವರದು, ಹೀಗೆ. ಬರೆದಿಟ್ಟುಕೊಳ್ಳಬಾರದೇ ಎಂದು ನಾನೊಮ್ಮೆ ಕೇಳಿದ್ದೆ.

“ಹೆಸರು ಬರಕೊಂಡ್ರ ಊರಿಗೆ ಮೂರು ಮಂದಿ ಸೂಗಮ್ಮ ಬರ್ತಾರವ್ವಾ. ಸೀರಿ ಹಂಗಲ್ಲ. ಒಂದು ಸೀರಿ ಒಂದ ಮನಿದು.”

ಯಾರ ಅರಳೆ ಅವರಿಗೇ ಹೋಗಬೇಕು ಎನ್ನುವುದು ಅವರ ಕೆಲಸದ ಮೊದಲ ಮಾತು. ಸತ್ತಾರ್ ಸಾಬ್ ಕಲಿಸಿದ್ದು. ಗಾದಿಯ ಅರಳೆ ಎಂದರೆ ಅಂಗಡಿಯ ಅರಳೆಯಲ್ಲ, ಅದರ ಮೇಲೆ ಹೆರಿಗೆ ಆಗಿರುತ್ತದೆ, ಜ್ವರ ಬಿಟ್ಟಿರುತ್ತದೆ, ಮಕ್ಕಳು ಉಚ್ಚೆ ಹೊಯ್ದಿರುತ್ತವೆ, ಒಬ್ಬರ ಕನಸನ್ನು ಇನ್ನೊಬ್ಬರ ತಲೆಯಡಿ ಇಡಬಾರದು ಎಂದು ಅವರು ಹೇಳುತ್ತಿದ್ದರಂತೆ. ಜನ ಕಾಕಾನಿಗೆ ಗಂಟು ಕೊಡುತ್ತಿದ್ದುದು ಈ ನಂಬಿಕೆಯಿಂದಲೇ. ತೂಕ ಮಾಡಿ ಕೊಟ್ಟವರನ್ನು, ತೂಕ ಮಾಡಿ ತೆಗೆದುಕೊಂಡವರನ್ನು ನಾನು ಕಂಡಿಲ್ಲ. ಮೂವತ್ತೊಂದು ವರ್ಷದಲ್ಲಿ ಒಂದು ಗಂಟೂ ಅದಲುಬದಲಾಗಿಲ್ಲ ಎಂದು ಕಾಕಾ ಹೇಳುವಾಗ ದನಿ ಎತ್ತರಿಸುತ್ತಿರಲಿಲ್ಲ. ಹೇಳಿದ ಮೇಲೆ ಮಾತ್ರ ಸ್ವಲ್ಪ ದೂರ ನೆಟ್ಟಗೆ ಕೂತು ತುಳಿಯುತ್ತಿದ್ದರು.

ಅದಲುಬದಲಾದದ್ದು ಈ ಮಾಘದಲ್ಲಿ.

ಆ ಭಾನುವಾರ ಚಳಿ ಇನ್ನೂ ಬಿಟ್ಟಿರಲಿಲ್ಲ. ಹೊಳೆಯ ಮೇಲಿನಿಂದ ಮಂಜು ಎದ್ದು ಜೋಳದ ಹೊಲಗಳ ಮೇಲೆ ತೆನೆಯ ಎತ್ತರಕ್ಕೆ ನಿಂತಿತ್ತು. ಯರಿದೊಡ್ಡಿಗೆ ಬಂದಾಗ ಸೂಗಮ್ಮ ತಮ್ಮ ಮನೆಯ ಕಟ್ಟೆಯ ಮೇಲೆ ಗಾದಿ ಹಾಸಿ ಅದರ ಮೇಲಲ್ಲ, ಅದರ ಪಕ್ಕದಲ್ಲಿ, ಬರೀ ಕಲ್ಲಿನ ಮೇಲೆ ಕೂತಿದ್ದರು. ಎಪ್ಪತ್ತರ ಆಸುಪಾಸಿನ ಸಣ್ಣ ಹೆಂಗಸು, ಹಣೆಯ ತುಂಬ ವಿಭೂತಿ. ಹಿಂದಿನ ವಾರವಷ್ಟೇ ಕಾಕಾ ಅವರ ಗಾದಿ ತುಂಬಿ ಹೊಲಿದು ಕೊಟ್ಟಿದ್ದರು. ಗಂಡ ಹೆಂಡತಿ ಇಬ್ಬರೂ ಮಲಗುವ ದೊಡ್ಡ ಗಾದಿ.

“ಪಾಷಾ, ಇದು ನನ್ನ ಅರಳಿ ಅಲ್ಲ,” ಅಂದರು.

ಕಾಕಾ ನಕ್ಕರು. “ಯವ್ವಾ, ಮಷೀನಿನ್ಯಾಗ ಹಾದು ಬಂದ್ರ ಹಂಗ ಹೊಸಾದು ಅನಸ್ತದ. ನಾಕು ದಿನ ಮಲಗು, ತಾನ ಹೊಂದಿಕೊಳ್ತದ.”

“ಎಂಟು ದಿನ ಆತು. ಕಣ್ಣಿಗೆ ಕಣ್ಣು ಹತ್ತಿಲ್ಲ.”

“ಯಜಮಾನರು ಏನಂತಾರ?”

“ಆ ಮನುಷ್ಯಾ ಹೊಂಟ ಬಂಡಿ ಮ್ಯಾಲ ಒಗದ್ರೂ ಗೊರಕಿ ಹೊಡಿತಾನ. ಅವನ್ನೇನ್ ಕೇಳ್ತಿ.”

ಒಳಗಿನಿಂದ ಅವರ ಗಂಡ ಶಂಭುಲಿಂಗಪ್ಪನವರು ಕೆಮ್ಮಿದರು.

ಆಮೇಲೆ ಸೂಗಮ್ಮ ಹೇಳಿದ್ದನ್ನು ಕಾಕಾ ಮೊದಲೇ ಬಲ್ಲರು, ನನಗೆ ಹೊಸದು. ಆ ಊರಿಗೆ ಕಾಲುವೆಯ ನೀರು ಬರುವ ಹಿಂದಿನ ವರ್ಷ ಅವರ ಕಪ್ಪುಮಣ್ಣಿನ ಯರಿಹೊಲದಲ್ಲಿ ಜವಾರಿ ಹತ್ತಿ ಇತ್ತು. ಕಾಯಿ ಸಣ್ಣದು, ಎಳೆ ಗಿಡ್ಡ, ಬಣ್ಣ ಬೆಲ್ಲ ಬಿದ್ದ ಹಾಲಿನಂತೆ. ಕೊನೆಯ ಬಿಡಿಸುವಿಕೆಯ ಹತ್ತಿಯನ್ನು ಅವರು ಮಾರಲು ಬಿಡದೆ ಮನೆಗೆ ತಂದು, ಒಂದು ಬೇಸಿಗೆ ಪೂರ್ತಿ ಕೂತು ಕೈಯಿಂದಲೇ ಬೀಜ ತೆಗೆದು ಈ ಗಾದಿ ಮಾಡಿಸಿದ್ದರು. ಮರುವರ್ಷ ಹೊಲಕ್ಕೆ ನೀರು ಹರಿದು ಭತ್ತವಾಯಿತು. ಅಂದಿನಿಂದ ಭತ್ತವೇ. ಮಾನ್ವಿಯಲ್ಲಿರುವ ಮಗಳು ಸ್ಪಂಜಿನ ಗಾದಿ ಕಳಿಸಿದಾಗ ಅದನ್ನು ಸೊಸೆಗೆ ಕೊಟ್ಟು ಇದರ ಮೇಲೆಯೇ ಮಲಗಿದವರು ಸೂಗಮ್ಮ.

“ಆ ಅರಳ್ಯಾಗ ನಮ್ಮ ಯರಿಹೊಲದ ಬಿಸಲು ಅದನೋ ಪಾಷಾ. ಇದು ತಣ್ಣಗದ. ಎಷ್ಟು ಹೊತ್ತು ಮಲಗಿದ್ರೂ ಕಾವು ಹಿಡಿಯವಲ್ದು.”

ಕಾಕಾ ದಬ್ಬಣ ತೆಗೆದು ಒಂದು ಮೂಲೆಯ ಹೊಲಿಗೆ ಬಿಚ್ಚಿದರು. ಚಿಟಿಕೆ ಅರಳೆ ಹಿರಿದು ಎರಡೂ ಕೈಯ ಬೆರಳಿನಿಂದ ಎಳೆದರು. ಎಳೆ ಉದ್ದಕ್ಕೆ ಬಂತು, ಹರಿಯಲಿಲ್ಲ. ಮಂಜಿನಲ್ಲಿ ಅದು ಸುಣ್ಣದ ಹಾಗೆ ಬೆಳ್ಳಗೆ ಕಾಣುತ್ತಿತ್ತು. ಅವರ ಮುಖದ ನಗು ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ಗಂಟು ಕಟ್ಟಿದ್ದ ಸೀರೆ ಯಾವುದು ಎಂದು ಸೂಗಮ್ಮನ ಸೊಸೆಯನ್ನು ಕೇಳಿದರು. ಆಕೆ ಹಗ್ಗದ ಮೇಲೆ ಒಣಗಲು ಹಾಕಿದ್ದನ್ನು ತಂದು ತೋರಿಸಿದಳು. ಉಳ್ಳಾಗಡ್ಡಿ ಸಿಪ್ಪೆಯ ಬಣ್ಣ, ಕೆಂಪು ಅಂಚು.

“ಇದು ಹೆಣ್ಮಕ್ಕಳ ಸಂಘದ ಸೀರಿರಿ ಕಾಕಾ. ಹೋದ ವರ್ಷ ದೇವದುರ್ಗಕ್ಕ ಸಭಾಕ್ಕ ಹೋದಾಗ ಎಲ್ಲಾರೂ ಇದನ್ನ ಉಟ್ಟಿದ್ವಿ. ನಮ್ಮೂರಾಗ ಇಪ್ಪತ್ತು ಮಂದಿಗದ, ಹೊಳೆಗುಂಟ್ಯಾಗ ಇನ್ನೂ ಜಾಸ್ತಿ.”

ಹೊಳೆಗುಂಟಿಯ ಒಂದು ಮದುವೆ ಮನೆಯವರು ರಾಯಚೂರಿನಿಂದ ಹೊಸ ಮಿಲ್ಲಿನ ಅರಳೆ ತರಿಸಿ ಕಾಕಾನಿಗೆ ಕೊಟ್ಟಿದ್ದರು. ಮಗಳ ಜೊತೆ ಕಳಿಸುವ ಗಾದಿಗೆ. ಅದನ್ನು ಕಟ್ಟಿದ್ದೂ ಉಳ್ಳಾಗಡ್ಡಿ ಸಿಪ್ಪೆಯ ಬಣ್ಣದ ಸೀರೆಯಲ್ಲಿ. ಎರಡೂ ಗಂಟು ಒಂದೇ ಗಾತ್ರ. ಹಿಂಜುವ ದಿನ ಶಹಜಾದಿ ಬೇಗಂ ಒಂದು ಗಂಟಿನ ಅರಳೆ ಬೆಚ್ಚಗಿದೆ ಎಂದು ಹೇಳಿದ್ದು ಕಾಕಾನಿಗೆ ಈಗ ನೆನಪಾಯಿತು. ಮದುವೆ ಮನೆಯಲ್ಲಿ ತುಂಬುವಾಗ ತಮ್ಮ ಕೈಗೂ ಏನೋ ಹತ್ತಿತ್ತು, ಆದರೆ ಕಣ್ಣ ಮುಂದೆ ಆ ಮನೆಯದೇ ಸೀರೆ ಬಿದ್ದಿತ್ತು, ಕೈಯನ್ನು ನಂಬದೆ ಸೀರೆಯನ್ನು ನಂಬಿದೆ ಎಂದು ಅವರು ಯಾರನ್ನೂ ನೋಡದೆ ಹೇಳಿದರು. ತಲೆಯ ಮೇಲಿನ ಟವೆಲ್ಲು ತೆಗೆದು ತೊಡೆಯ ಮೇಲಿಟ್ಟುಕೊಂಡು ಕಟ್ಟೆಯ ಕೆಳಗಿನ ಮೆಟ್ಟಿಲಲ್ಲಿ ಕೂತರು.

ಸೂಗಮ್ಮ ಬಯ್ಯಲಿಲ್ಲ. ತನ್ನ ಅರಳೆ ಈಗ ಎಲ್ಲಿದೆ ಎಂದಷ್ಟೇ ಕೇಳಿದರು. ಮದುವೆ ಗುರುವಾರ ಮುಗಿದಿತ್ತು. ಮದುಮಗಳು ವಿಜಯಲಕ್ಷ್ಮಿಯನ್ನು ಬೇವಿನಕ್ರಾಸಿಗೆ ಕೊಟ್ಟಿದ್ದರು. ಗಾದಿ ಅವಳ ಜೊತೆ ಹೋಗಿತ್ತು.

ಇವತ್ತೇ ತಂದುಕೊಡುತ್ತೇನೆ ಎಂದು ಕಾಕಾ ಎದ್ದರು.

“ನಾನೂ ಬರ್ತೀನಿ,” ಅಂದರು ಸೂಗಮ್ಮ.

“ನೀ ಯಾಕ ಯವ್ವಾ, ನಾ ತರ್ತೀನಲ್ಲ.”

“ಒಮ್ಮಿ ತಪ್ಪಿ ಕೊಟ್ಟಿ. ತಪ್ಪಿ ತರಂಗಿಲ್ಲಂತ ಹ್ಯಾಂಗ ನಂಬಲಿ?”

ಕಾಕಾ ತಮ್ಮ ಕ್ಯಾರಿಯರ್ ಒರೆಸಿ ತೋರಿಸಿದರು. ಸೂಗಮ್ಮ ಅದನ್ನೊಮ್ಮೆ, ನನ್ನ ಸೈಕಲ್ಲನ್ನೊಮ್ಮೆ ನೋಡಿದರು.

“ನಿನ್ನ ಗಾಡಿ ಮ್ಯಾಲ ಗಾದಿ ಕುಂದ್ರತಾವ. ನಾ ಗಾದಿ ಅಲ್ಲ. ಈ ಹುಡಿಗಿ ಹಿಂದ ಕುಂದ್ರತೀನಿ.”

ಅವರು ನನ್ನ ಕ್ಯಾರಿಯರ್ ಮೇಲೆ ಪಕ್ಕಕ್ಕೆ ಕಾಲು ಇಳಿಬಿಟ್ಟು ಕೂತರು. ಜೋಳದ ಸೊಪ್ಪೆಯ ಒಂದು ಹೊರೆಯಷ್ಟೂ ಭಾರವಿರಲಿಲ್ಲ. ನನ್ನ ಸೊಂಟದ ಹತ್ತಿರ ಅಂಗಿ ಹಿಡಿದ ಬೆರಳುಗಳು ಮಾತ್ರ ಗಟ್ಟಿಯಾಗಿದ್ದವು.

ಊರು ದಾಟಿದ ಮೇಲೆ ರಸ್ತೆ ಹೊಳೆಯ ಕಡೆಗೆ ತಾನೇ ಜಾರುತ್ತದೆ. ಪೆಡಲು ತುಳಿಯುವುದೂ ಬೇಡ. ಎರಡೂ ಕಡೆ ಹೊಸದಾಗಿ ನಾಟಿ ಮಾಡಿದ ಗದ್ದೆ, ಅದರೊಳಗೆ ತಲೆಕೆಳಗಾದ ತಂತಿಕಂಬಗಳು, ತಲೆಕೆಳಗಾಗಿ ಹೋಗುತ್ತಿರುವ ನಾವು. ಕೊಕ್ಕರೆಯೊಂದು ನಮ್ಮ ಜೊತೆ ಸ್ವಲ್ಪ ದೂರ ಹಾರಿ ಬದುವಿನ ಮೇಲೆ ಇಳಿಯಿತು. ಸೂಗಮ್ಮ ಒಂದು ಕಡೆ ನನ್ನ ಬೆನ್ನು ತಟ್ಟಿ ನಿಧಾನಿಸಲು ಹೇಳಿದರು. ಅದೇ ಅವರ ಹೊಲವಂತೆ. ನನಗೆ ಕಂಡದ್ದು ನೀರು, ನೀರಿನಲ್ಲಿ ಹಸಿರು ಚುಕ್ಕೆ, ಸಾಲಾಗಿ ಬಗ್ಗಿದ ನಾಟಿಯ ಹೆಂಗಸರು. ಅಲ್ಲಿ ಹತ್ತಿ ಒಡೆದಾಗ ಬೆಳದಿಂಗಳಲ್ಲಿ ಹೊಲವೆಲ್ಲ ಎದ್ದು ಕೂತಂತೆ ಕಾಣುತ್ತಿತ್ತು, ಕಾಲಿಟ್ಟರೆ ಮಣ್ಣು ಬಿರುಕಿನೊಳಗಿಂದ ಬಿಸಿಯುಸಿರು ಬಿಡುತ್ತಿತ್ತು ಎಂದು ಅವರು ಹೇಳಿದರು. ನೀರು ಬಂದದ್ದಕ್ಕೆ ದುಃಖವೇ ಎಂದು ಕೇಳಿದೆ. ಇಲ್ಲ, ಅಂದರು. ಅನ್ನ ಉಂಡೆವು, ಮಕ್ಕಳು ಓದಿದರು. ನಿದ್ದೆ ಮಾತ್ರ ಆ ಒಣಹೊಲದ್ದು.

ಕಾಕಾ ಮುಂದೆ ಹೋಗುತ್ತಿದ್ದರು. ಅವತ್ತು ಕ್ಯಾರಿಯರ್ ಮೇಲೆ ಗಂಟು ಇರಲಿಲ್ಲ, ಹ್ಯಾಂಡಲ್ಲಿಗೆ ತೂಗುಹಾಕಿದ ಚೀಲದಲ್ಲಿ ಸ್ವಲ್ಪ ಹೊಸ ಅರಳೆ, ದಬ್ಬಣ, ದಾರ ಅಷ್ಟೇ. ಸೈಕಲ್ಲು ಹಗುರಾಗಿದ್ದರೂ ಅವರು ಭಾರ ಹೊತ್ತವರ ಹಾಗೆ ತುಳಿಯುತ್ತಿದ್ದರು. ಹೊಳೆ ಕಾಣಿಸಿದಲ್ಲಿ ಪ್ರತಿ ವಾರ ಒಂದು ಕ್ಷಣ ನಿಂತು ನೀರು ನೋಡುವವರು ಅವತ್ತು ನಿಲ್ಲಲಿಲ್ಲ. ಮಂಜಿನೊಳಗೆ ಒಂದು ಹರಿಗೋಲು ತಿರುಗುತ್ತ ತಿರುಗುತ್ತ ಆಚೆ ದಡಕ್ಕೆ ಹೋಗುತ್ತಿತ್ತು, ಅದರಲ್ಲಿ ಎರಡು ಆಡು, ಒಬ್ಬ ಮನುಷ್ಯ. ಸದ್ದಿರಲಿಲ್ಲ.

ಹೊಳೆಗುಂಟಿಯ ಮದುವೆ ಮನೆಯಲ್ಲಿ ಚಪ್ಪರ ಇನ್ನೂ ಬಿಚ್ಚಿರಲಿಲ್ಲ. ಹುಡುಗಿಯ ತಾಯಿ ಕಾಕಾನ ಮಾತು ಕೇಳಿ ಗಾಬರಿಯಾದರು. ಕೊಟ್ಟ ಮೇಲೆ ಅದು ಅವರ ಮನೆಯದು, ನಾವು ಕೇಳಿದರೆ ಮಗಳಿಗೆ ಮಾತು ಬರುತ್ತದೆ, ನೀವೇ ಹೋಗಿ ಮೆತ್ತಗೆ ಕೇಳಿರಿ, ನಮ್ಮ ಹೆಸರು ಮುಂದೆ ಮಾಡಬೇಡಿರಿ ಎಂದು ಬೇಡಿಕೊಂಡರು. ಸೂಗಮ್ಮ ಕ್ಯಾರಿಯರ್ ಮೇಲಿಂದ ಇಳಿಯಲೂ ಇಲ್ಲ.

ಅಲ್ಲಿಂದ ಬೇವಿನಕ್ರಾಸಿಗೆ ಒಂಬತ್ತು ಕಿಲೋಮೀಟರು. ಕಾಲುವೆಯ ಪಕ್ಕದ ದಾರಿ. ಕೆಂಪು ಮೆಣಸಿನಕಾಯಿ ಒಣಹಾಕಿದ ಕಣಗಳು ಬಂದವು, ಕಣ್ಣು ಮುಚ್ಚಿದರೂ ಕೆಂಪಗೆ ಕಾಣುವಷ್ಟು. ಕಿತ್ತು ಒಟ್ಟಿದ ಹತ್ತಿಕಟ್ಟಿಗೆಯ ಬಣವೆಗಳು ಬಂದವು. ಮಂಜು ಯಾವಾಗ ಕರಗಿತೋ ಯಾರಿಗೂ ತಿಳಿಯಲಿಲ್ಲ. ಕಾಲುವೆಯ ನೀರು ನಮ್ಮ ಪಕ್ಕದಲ್ಲೇ ಬರುತ್ತಿತ್ತು, ಒಂದು ಹೂವಿನ ಹಾರ ಅದರಲ್ಲಿ ಬಹಳ ದೂರದವರೆಗೆ ನಮ್ಮ ಸಮಕ್ಕೆ ತೇಲಿತು. ಈ ಸುತ್ತಿನಲ್ಲಿ ನನಗೆ ಎಲ್ಲಕ್ಕಿಂತ ಪ್ರೀತಿಯ ದಾರಿ ಇದು. ಅವತ್ತು ಅದು ಬೇಗ ಮುಗಿಯದಿರಲಿ ಎಂದು ಬೇರೆ ಕಾರಣಕ್ಕೆ ಅನ್ನಿಸುತ್ತಿತ್ತು.

ವಿಜಯಲಕ್ಷ್ಮಿಯ ಗಂಡನ ಮನೆ ಹಿಟ್ಟಿನ ಗಿರಣಿಯ ಹಿಂದೆ. ಅವಳ ಅಂಗೈಯ ಮದರಂಗಿ ಇನ್ನೂ ಕಪ್ಪಗಿತ್ತು. ನೀರು ತಂದಳು, ಚಹಾ ತಂದಳು. ಅವಳ ಅತ್ತೆ ಎತ್ತರದ, ಕಡಿಮೆ ಮಾತಿನ ಹೆಂಗಸು, ಕಂಬಕ್ಕೆ ಒರಗಿ ಕೂತು ಎಲ್ಲ ಕೇಳಿದರು. ಕಾಕಾ ಬಾಗಿಲಿನ ಹೊರಗೆ ನಿಂತೇ ಹೇಳಿದರು. ತಪ್ಪು ನನ್ನದು, ಈ ಅವ್ವನದೂ ಅಲ್ಲ, ನಿಮ್ಮ ಬೀಗರದೂ ಅಲ್ಲ. ನಿಮ್ಮ ಹೊಸ ಅರಳೆಯನ್ನು ತಂದು ತುಂಬಿಕೊಡುತ್ತೇನೆ, ಇದನ್ನು ಕೊಡಿ.

ಆಗುವುದಿಲ್ಲ ಎಂದರು ಅತ್ತೆ. ಸಿಟ್ಟಿನಿಂದಲ್ಲ. ಅರಿಷಿಣ ಕುಂಕುಮ ಹಚ್ಚಿ ಒಳಗೆ ತಂದ ಹಾಸಿಗೆ, ಮದುವೆಯಾಗಿ ನಾಲ್ಕು ದಿನವಾಗಿಲ್ಲ, ಅದನ್ನು ಹೊಸ್ತಿಲು ದಾಟಿಸಿ ಹೊರಗೆ ಹಾಕಿದರೆ ಏನರ್ಥ? ಮೇಲಾಗಿ ಬದಲಿಗೆ ಕೊಡುವ ಅರಳೆಯ ಮೇಲೆ ಬೇರೆಯವರು ಎಂಟು ದಿನ ಮಲಗಿದ್ದಾರೆ, ಅದನ್ನು ಹೊಸ ಮದುಮಗಳಿಗೆ ಹಾಸುವುದು ಹೇಗೆ? ಎರಡೂ ಮಾತು ಖರೆ.

ವಿಜಯಲಕ್ಷ್ಮಿ ಚಹಾದ ಕಪ್ಪು ಎತ್ತುತ್ತ, ತನ್ನಷ್ಟಕ್ಕೆ ಹೇಳಿಕೊಂಡ ಹಾಗೆ, ಆ ಗಾದಿಯ ಮೇಲೆ ಬಹಳ ಚೊಲೊ ನಿದ್ದೆ ಬರುತ್ತದೆ, ತವರು ಮನೆಯಲ್ಲೂ ಹಾಗೆ ಬರುತ್ತಿರಲಿಲ್ಲ ಅಂದಳು. ಅಂದ ಮೇಲೆ ನಾಚಿ ಒಳಗೆ ಹೋದಳು.

ಒಮ್ಮೆ ಮುಟ್ಟಿ ನೋಡಲೇ ಎಂದು ಸೂಗಮ್ಮ ಕೇಳಿದರು. ಅದಕ್ಕೆ ಯಾರೂ ಬೇಡ ಅನ್ನಲಿಲ್ಲ. ಒಳಕೋಣೆಯಲ್ಲಿ ಹೊಸ ಮಂಚ, ಹೊಸ ಗಲೀಫಿನ ಮೇಲೆ ಗುಲಾಬಿ ಹೂವು. ಸೂಗಮ್ಮ ಮಂಚದ ಮೇಲೆ ಕೂರಲಿಲ್ಲ, ನೆಲದ ಮೇಲೆ ಕೂತು ಒಂದು ಅಂಗೈ ಗಾದಿಯ ಅಂಚಿನಲ್ಲಿಟ್ಟರು. ಕಣ್ಣು ಮುಚ್ಚಿಕೊಂಡರು. ಕೈ ತೆಗೆಯಲು ಬಹಳ ಹೊತ್ತು ಹಿಡಿಯಿತು.

“ಇದ,” ಅಂದರು. ಆಮೇಲೆ ಎದ್ದು ಹೊರಗೆ ಬಂದು, “ಇರ್ಲಿ ಬಿಡು ಪಾಷಾ. ಹೊಸಾ ಹುಡಿಗಿ, ಮಲಗ್ಲಿ. ನಡಿ ಹೋಗೂನು,” ಅಂದರು.

ಅಲ್ಲಿಗೆ ಮುಗಿಯಿತು ಎಂದುಕೊಂಡೆ. ಕಾಕಾ ಕದಲಲಿಲ್ಲ.

“ಯವ್ವಾ, ನೀ ಬಿಟ್ಟಿ. ನಾ ಹ್ಯಾಂಗ ಬಿಡ್ಲಿ? ನಿನ್ನ ಅರಳಿ ನಿನಗ ಮುಟ್ಟಲಿಲ್ಲಂದ್ರ ನಾಳಿಗೆ ಇನ್ನೊಬ್ಬರ ಗಂಟು ಯಾವ ಕೈಲೆ ಹಿಡೀಲಿ. ಮಷೀನು ಮುಚ್ಚತೀನಿ. ಬ್ಯಾರೆ ಏನರ ಮಾಡ್ತೀನಿ.”

ಅವರು ಅದನ್ನು ಹೆದರಿಸಲು ಹೇಳಲಿಲ್ಲ. ದಾರಿಯುದ್ದಕ್ಕೂ ಇದನ್ನೇ ಯೋಚಿಸುತ್ತ ಬಂದಿದ್ದರು ಎಂದು ಅವರ ದನಿಯಿಂದ ತಿಳಿಯಿತು. ಅತ್ತೆ ಕಾಕಾನನ್ನು ನೋಡಿದರು. ಕಾಕಾನ ಕೈಯನ್ನು ನೋಡಿದರು, ಆ ಕೈಯ ಮೇಲೆ ಅರಳೆಯ ಒಂದು ಎಳೆ ಹತ್ತಿಕೊಂಡಿತ್ತು. ಗಿರಣಿಯ ಸದ್ದು ನಿಂತು ಮತ್ತೆ ಶುರುವಾಯಿತು.

ಆಮೇಲೆ ಅವರು ಎದ್ದು ಸೊಸೆಯನ್ನು ಕರೆದರು. ಮನೆಗೆ ಮೊದಲ ಸಲ ಬಂದ ಮುತ್ತೈದೆ ಬರೀ ಉಡಿಯಲ್ಲಿ ಹೋಗ್ತಾಳೇನು, ಉಡಿ ಸಾಮಾನು ತಾ ಎಂದರು. ಮೊರದಲ್ಲಿ ಅಕ್ಕಿ ಬಂತು, ತೆಂಗಿನಕಾಯಿ, ಕುಪ್ಪಸದ ಬಟ್ಟೆ, ಬೆಲ್ಲದಚ್ಚು, ಐದು ಎಲೆ. ನಮ್ಮ ಕಡೆ ಹೀಗೆ ಸೆರಗಿನಲ್ಲಿ ತುಂಬಿ ಕಳಿಸದ ಹೊರತು ಹೆಣ್ಣುಮಗಳನ್ನು ಕಳಿಸಿದಂತಲ್ಲ. ಸೂಗಮ್ಮ ಮಣೆಯ ಮೇಲೆ ಕೂತು ಸೆರಗು ಒಡ್ಡಿದರು. ಅತ್ತೆ ಕಾಕಾನ ಕಡೆ ತಿರುಗಿದರು.

“ಒಳಗ ಬರ್ರಿ. ಗಾದಿದು ಕಾಲಕಡಿ ಮೂಲಿ ಬಿಚ್ಚರಿ. ಒಂದ ಮೂಲಿ. ತಲಿಕಡಿದು ಮುಟ್ಟಬ್ಯಾಡ್ರಿ.”

ಕಾಕಾ ತಿಳಿಯದೆ ನಿಂತರು.

“ತಿರುಗಿ ಕೊಡಾಕತ್ತಿಲ್ಲ ನಾ. ನಮ್ಮ ಮನಿಗೆ ಬಂದ ಹೆಣ್ಣುಮಗಳಿಗೆ ಉಡಿ ತುಂಬಾಕತ್ತೀನಿ. ಉಡ್ಯಾಗ ಏನು ಹಾಕಬೇಕು ಅನ್ನೂದು ನಮ್ಮ ಮನಿ ಹೆಂಗಸರ ಮಾತು. ಅದಕ್ಕ ಯಾರೂ ಏನೂ ಅನ್ನಂಗಿಲ್ಲ.”

ವಿಜಯಲಕ್ಷ್ಮಿ ಮೊದಲು ಐದು ಬೊಗಸೆ ಅಕ್ಕಿ ಹಾಕಿದಳು, ಕಾಯಿ ಇಟ್ಟಳು. ಆಮೇಲೆ ಬಿಚ್ಚಿದ ಮೂಲೆಯಿಂದ ಅರಳೆ ತಂದಳು. ಒಂದು ಬೊಗಸೆ, ಎರಡು. ಆ ಅರಳೆ ನಿಜಕ್ಕೂ ಬೆಲ್ಲ ಬಿದ್ದ ಹಾಲಿನ ಬಣ್ಣ. ಅತ್ತೆ ಬಾಯಲ್ಲೇ ಎಣಿಸುತ್ತಿದ್ದರು. ಐದಾಯಿತು. ವಿಜಯಲಕ್ಷ್ಮಿ ಕೈ ತಡೆದು ಅತ್ತೆಯ ಮುಖ ನೋಡಿದಳು. ಅತ್ತೆ ಒಲೆಯ ಮೇಲಿನ ಹಾಲು ಉಕ್ಕೀತು ಎಂದು ಒಳಗೆ ಹೋದರು. ಹಾಲು ಇಟ್ಟದ್ದನ್ನು ನಾವ್ಯಾರೂ ನೋಡಿರಲಿಲ್ಲ. ಹುಡುಗಿ ಮತ್ತೆ ಬೊಗಸೆ ತುಂಬಿದಳು, ಮತ್ತೆ ತುಂಬಿದಳು, ಸೂಗಮ್ಮನ ಮಡಿಲಲ್ಲಿ ಅರಳೆ ಎದೆಮಟ್ಟಕ್ಕೆ ಎದ್ದಿತು.

“ಸಾಕು ನನ್ನವ್ವಾ,” ಅಂದರು ಸೂಗಮ್ಮ. “ಒಂದು ತಲಿದಿಂಬಿಗೆ ಇಷ್ಟ ಸಾಕು. ತಲಿ ಒಂದು ಬೆಚ್ಚಗಿದ್ರ ಆತು.”

ಗಾದಿಯಲ್ಲಿ ಕೊರೆ ಬಿದ್ದ ಮೂಲೆಗೆ ಕಾಕಾ ತಮ್ಮ ಚೀಲದ ಹೊಸ ಅರಳೆ ತುಂಬಿ, ಯಾವ ಬೆರಳಿಗೂ ಗೊತ್ತಾಗದ ಹಾಗೆ ಸಮ ಮಾಡಿ ಹೊಲಿದರು. ಹೊರಡುವಾಗ ಅತ್ತೆ, ಬೇಸಿಗೆಗೆ ನಮ್ಮ ಮನೆಯ ಹಳೆಯ ಗಾದಿಯೂ ಎರಡಿವೆ, ಬಂದು ಒಯ್ಯಿರಿ ಎಂದು ಹೇಳಿದರು. ಬರ್ತೀನ್ರಿ ಎಂದರು ಕಾಕಾ. ಮಷೀನು ಮುಚ್ಚುವ ಮಾತು ಅಲ್ಲಿಗೆ ನಿಂತಿತು.

ದಿಂಬು ಇವತ್ತೇ ಆಗಬೇಕು, ಶಹಜಾದಿಯ ಕೈಯಿಂದ ಹೊಲಿಸಿಕೊಂಡೇ ಊರಿಗೆ ಹೋಗುತ್ತೇನೆ, ಸಂಜೆಗೆ ಮಗ ಬಂದು ಕರೆದೊಯ್ಯಲಿ ಎಂದು ಸೂಗಮ್ಮ ಹೇಳಿದ್ದರಿಂದ ನಾವು ದೇವದುರ್ಗದ ಕಡೆಗೇ ಹೊರಟೆವು. ಅಕ್ಕಿ, ಕಾಯಿ ನನ್ನ ಹ್ಯಾಂಡಲ್ಲಿನ ಚೀಲಕ್ಕೆ ಬಂದವು. ಅರಳೆಯನ್ನು ಅವರು ಕೊಡಲಿಲ್ಲ. ಸೆರಗಿನಲ್ಲಿ ಸುತ್ತಿ ಎದೆಗೂ ನನ್ನ ಬೆನ್ನಿಗೂ ನಡುವೆ ಇಟ್ಟುಕೊಂಡರು.

ಅರಕೇರಾ ರಸ್ತೆ ನುಣ್ಣಗಿದೆ. ಬಿಸಿಲು ಇನ್ನೂ ಹದವಾಗಿತ್ತು, ಗಾಳಿ ಎದ್ದಿರಲಿಲ್ಲ. ಒಂದು ಮೈಲಿಯಷ್ಟು ಹೋಗಿರಬೇಕು. ನನ್ನ ಬೆನ್ನಿಗೆ ಅರಳೆಯ ಕಾವು ಹತ್ತುತ್ತಿತ್ತು, ಅಥವಾ ಅದು ಅವರ ಮೈಯ ಕಾವೋ. ಅಂಗಿ ಹಿಡಿದಿದ್ದ ಬೆರಳುಗಳು ಒಂದೊಂದಾಗಿ ಸಡಿಲವಾದವು. ಅವರ ತಲೆ ಬೆನ್ನಿಗೆ ಒರಗಿತು. ನಾನು ಕರೆದೆ, ಓ ಅನ್ನಲಿಲ್ಲ. ಹಿಂದೆ ಬರುತ್ತಿದ್ದ ಕಾಕಾ ಪಕ್ಕಕ್ಕೆ ಬಂದು ನೋಡಿ, ಮಾತಾಡಬೇಡ ಎಂದು ಕೈಸನ್ನೆ ಮಾಡಿದರು. ನಾನು ಬ್ರೇಕು ಹಿಡಿಯದೆ ಕಾಲು ಎಳೆದು ಎಳೆದು ನಿಲ್ಲಿಸಿದೆ.

ಎಂಟು ದಿನದ ನಿದ್ದೆ. ಬಾಯಿ ಸ್ವಲ್ಪ ತೆರೆದಿತ್ತು, ವಿಭೂತಿ ಅರಳೆಗೆ ಹತ್ತಿತ್ತು. ನಾನು ಸೀಟಿನಿಂದ ಮುಂದಕ್ಕೆ ಇಳಿದು, ಅವರ ತಲೆಯನ್ನು ಅರಳೆಯ ಸಮೇತ ಮೆಲ್ಲಗೆ ಸೀಟಿಗೆ ಒರಗಿಸಿ, ಹ್ಯಾಂಡಲ್ಲು ಹಿಡಿದು ನಡೆಯತೊಡಗಿದೆ. ಕಾಕಾ ಒಂದು ಕೈಯಲ್ಲಿ ತಮ್ಮ ಸೈಕಲ್ಲು ತಳ್ಳುತ್ತ, ಇನ್ನೊಂದು ಕೈಯನ್ನು ಅವರ ಭುಜಕ್ಕೆ ಆನಿಸಿ ಬಂದರು. ನಾವು ಮೂವರೂ ಎತ್ತಿನ ಬಂಡಿಗಿಂತ ನಿಧಾನವಾಗಿ ಹೋಗುತ್ತಿದ್ದೆವು. ಎರಡೂ ಕಡೆ ಜೋಳ ಕೆನೆಗಟ್ಟಿ ಬಗ್ಗಿತ್ತು. ಎಲ್ಲೋ ಒಳಗೆ ಹಕ್ಕಿ ಕಾಯುವವರ ಕೂಗು ಎದ್ದು, ದೂರವಾಗಿ, ಇಲ್ಲವಾಯಿತು.

ಎದುರಿನಿಂದ ಭತ್ತದ ಲಾರಿಯೊಂದು ಬಂತು. ಕಾಕಾ ತಮ್ಮ ಸೈಕಲ್ಲನ್ನು ರಸ್ತೆಯ ಮೇಲೆ ಹಾಗೇ ಮಲಗಿಸಿ, ಸೂಗಮ್ಮನ ಭುಜದಿಂದ ಕೈ ತೆಗೆಯದೆ, ಬಿಡುವಾದ ಕೈಯನ್ನು ಎತ್ತಿ ಹಿಡಿದರು. ಲಾರಿ ವೇಗ ಇಳಿಸಿತು. ಡ್ರೈವರು ಕಿಟಕಿಯಿಂದ ತಲೆ ಹಾಕಿ ನಮ್ಮನ್ನು ನೋಡಿದ, ಕ್ಯಾರಿಯರ್ ಮೇಲೆ ಮಲಗಿದ ಮುದುಕಿಯನ್ನು ನೋಡಿದ. ಒಂದು ಗಾಲಿಯನ್ನು ರಸ್ತೆಯ ಕೆಳಗೆ ಇಳಿಸಿ, ಹಾರ್ನ್ ಹೊಡೆಯದೆ, ನಿಧಾನವಾಗಿ ದಾಟಿ ಹೋದ.